ಗಿರಣಿ ಮತ್ತೆ ತಿರುಗುತ್ತಿದೆ

ನಮ್ಮ ಕೊಡಗಿನ ಜೋರು ಮಳೆಯ ತಿಂಗಳು ಕಕ್ಕಡ ಮುಗಿಯಿತು. ಕುಶಾಲನಗರದ ನಮ್ಮ ಹಿಟ್ಟಿನ ಗಿರಣಿಯೊಳಗೆ ಈ ಸಲವೂ ಮೊಣಕಾಲುದ್ದ ಕಾವೇರಿ ನೀರು ನಿಂತಿತ್ತು. ಆದರೆ ನೀರಿಳಿದ ಮೂರನೇ ದಿನ ರಾಗಿ ಬೀಸಿದೆವು!

2018ರ ಆಗಸ್ಟ್‌ನಲ್ಲಿ ಹೀಗಿರಲಿಲ್ಲ. ಮೋಟಾರು ಬಿಚ್ಚಿದರೆ ಒಳಗೆಲ್ಲ ಕೆಸರು. ಮೆಣಸಿನಪುಡಿ ಚೀಲ ಒಡೆದು, ನೀರು ನಿಂತಷ್ಟೂ ಎತ್ತರಕ್ಕೆ ಗೋಡೆಗೆ ಕೆಂಪು ಗೆರೆ. ಮೋಟಾರಿಗೆ ಹೊಸ ವೈಂಡಿಂಗ್ ಮಾಡಿಸಿದ ಸಾಲ ತೀರುವ ಮೊದಲೇ 2019ರ ಆಗಸ್ಟ್ ಬಂತು. ಮತ್ತೆ ಅದೇ ಕಥೆ.

ಆಮೇಲೆ ಬೀದಿಯವರೆಲ್ಲ ಒಟ್ಟಿಗೆ ಕೂತೆವು. ಮೊದಲ ಮೂರು ಸಭೆ ಬರೀ ಜಗಳ. ಚರಂಡಿ ಕಟ್ಟಿಕೊಂಡಿದ್ದು ಯಾರಿಂದ ಅಂತ.

ಅದಕ್ಕೇ ಮೊದಲ ಥ್ಯಾಂಕ್ಸ್ ನಮ್ಮ ಬೇಕರಿ ಅಣ್ಣನಿಗೆ. ಚರಂಡಿ ಮೇಲೆ ಕಟ್ಟಿಸಿದ್ದ ಜಗಲಿಯನ್ನು ಯಾರೂ ನೋಟಿಸ್ ಕೊಡದೆ ತಾನೇ ಒಡೆಸಿದರು. ಅದರಡಿ ಸಿಕ್ಕಿದ್ದು ಏನು ಗೊತ್ತಾ? ನನ್ನ ಗಿರಣಿಯದೇ ಹರಿದ ಚೀಲಗಳು. ಸುಮ್ನೆ ತಲೆ ತಗ್ಗಿಸಿ ಎತ್ತಿದೆ. ಮಳೆಗೆ ಮೊದಲೇ ಬಂದು ಹೂಳು ತೆಗೆದ ಪೌರಕಾರ್ಮಿಕರಿಗೆ ಎಷ್ಟು ಹೇಳಿದರೂ ಸಾಲದು.

ಭಾಗಮಂಡಲದ ಚಿಕ್ಕಪ್ಪನಿಗೆ ನಮಸ್ಕಾರ. "ಸಂಗಮದಲ್ಲಿ ನೀರು ರಸ್ತೆಗೆ ಬಂತು ಕಣೋ" ಅಂತ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದ್ದು ಅವರೇ. ಅಲ್ಲಿ ಸುರಿದದ್ದು ಇಲ್ಲಿಗೆ ಬರಲು ಹೊತ್ತು ಬೇಕು. ಆ ಹೊತ್ತೇ ನಮ್ಮ ಬಂಡವಾಳ. ಕೂಡಿಗೆಯ ಗೆಳೆಯರನ್ನೂ ಮರೆಯುವಂತಿಲ್ಲ. ಹಾರಂಗಿ ಕಾವೇರಿಗೆ ಸೇರುವುದು ಅಲ್ಲೇ, ನಮ್ಮಿಂದ ಕೆಳಗೆ. ಹಾರಂಗಿ ಅಣೆಕಟ್ಟಿನಿಂದ ಜಾಸ್ತಿ ನೀರು ಬಿಟ್ಟು ಎರಡೂ ಹೊಳೆ ತುಂಬಿದರೆ ನಮ್ಮ ಬೀದಿಯ ನೀರು ಬೇಗ ಇಳಿಯುವುದಿಲ್ಲ. ಗಂಟೆಗೊಮ್ಮೆ ಫೋಟೋ ಕಳಿಸಿದರು. ವಾಟ್ಸಾಪ್ ಗುಂಪಿನಲ್ಲಿ ಗುಡ್ ಮಾರ್ನಿಂಗ್ ಹಾಕಬಾರದು ಅನ್ನುವ ನಿಯಮ ಆ ರಾತ್ರಿ ಎಲ್ಲರಿಗೂ ಅರ್ಥವಾಯಿತು.

ಸ್ವಿಚ್ ಬೋರ್ಡನ್ನು ತಲೆಯೆತ್ತರಕ್ಕೆ ಏರಿಸಲು, ಮೇಲೆ ಕಬ್ಬಿಣದ ತೊಲೆ ಹಾಕಲು ಒಪ್ಪಿದ ಕಟ್ಟಡದ ಮಾಲೀಕರೇ, ನೀವಿಲ್ಲದಿದ್ದರೆ ಆಗುತ್ತಿರಲಿಲ್ಲ. ಗ್ಯಾರೇಜ್ ಹುಡುಗರು ಭಾರ ಎತ್ತುವ ಚೈನ್ ಬ್ಲಾಕ್ ತಂದು ಅದೇ ತೊಲೆಗೆ ಮೋಟಾರನ್ನು ನೇತುಹಾಕಿದರು. ಅರ್ಧ ಗಂಟೆ ಹಿಡಿಯಿತು ಅಷ್ಟೇ. ಹೇಳಿದ ತಕ್ಷಣ ಕರೆಂಟ್ ತೆಗೆದ ಲೈನ್‌ಮನ್‌ಗೂ, ಗೂಡ್ಸ್ ಆಟೋದವರಿಗೂ ಥ್ಯಾಂಕ್ಸ್. ಟೈಲರ್ ಅಕ್ಕ ತನ್ನ ಮೆಷಿನ್‌ಗಿಂತ ಮೊದಲು ನಮ್ಮ ಮೂಟೆ ಹೊತ್ತರು. ನಾನು ಬೇಡ ಅಂದರೂ ಕೇಳಲಿಲ್ಲ.

ಮಹಡಿಯ ಟ್ಯೂಷನ್ ಹಾಲ್ ನಾಳೆ ಖಾಲಿ ಮಾಡಬೇಕು, ಮಕ್ಕಳು ಬರುತ್ತಾರೆ. ಅಲ್ಲಿ ಇನ್ನೂ ಒಂದು ಮೂಟೆ ಗೋಧಿ ಉಳಿದಿದೆ. ಚೀಟಿ ನೆನೆದು ಹೆಸರು ಅಳಿಸಿಹೋಗಿದೆ. ನಿಮ್ಮದಾದರೆ ಬನ್ನಿ, ಬೀಸಿಯೇ ಕೊಡುತ್ತೇನೆ. ದುಡ್ಡು ಬೇಡ.