ಸಂಪಾದಕೀಯ: ಮಳೆಗಾಲದಲ್ಲಿ ಟೊಮೆಟೊ

ಯುಗಾದಿ ಸಂಚಿಕೆ ಸಿದ್ಧವಾಗುವ ಹೊತ್ತಿಗೆ ಹೊರದೇಶದಲ್ಲಿರುವ ನಮ್ಮ ಸಂಘದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೈತೋಟದ ಮಾತು ಚಿಗುರುತ್ತದೆ. ಹಿಮ ಕರಗಿ ಮಣ್ಣು ಕಂಡ ಕೂಡಲೇ ಕಿಟಕಿಯ ಬಳಿ ಇಟ್ಟ ಸಸಿಗಳ ಚಿತ್ರಗಳು ಬರುತ್ತವೆ, ಬಹುಪಾಲು ಟೊಮೆಟೊ. ಮೊದಲ ಬಾರಿಗೆ ಹಿತ್ತಲು ಅಗೆಯಲು ಹೊರಟ ಕುಟುಂಬಗಳು ಏನಾದರೂ ಬರೆಯಿರಿ ಎಂದು ಕೇಳಿವೆ. ನನಗೆ ನೆನಪಾಗುವುದು ಮಡಿಕೇರಿಯ ಬಳಿಯ ಒಂದು ಹಿತ್ತಲು. ಹೊಸಬರು ಏನು ಬಿತ್ತಬೇಕೆಂದು ಬಹಳ ಓದುತ್ತಾರೆ, ಯಾವಾಗ ಎಂದು ಯಾರನ್ನೂ ಕೇಳುವುದಿಲ್ಲ. ಅದರ ಬೆಲೆ ಅಲ್ಲಿ ಕಂಡಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ.

ಅಕ್ಕ, ಭಾವ ಬೆಂಗಳೂರಿನ ಫ್ಲ್ಯಾಟ್ ಬಿಟ್ಟು ಅಲ್ಲಿ ನೆಲೆಸಿದ್ದಾರೆ. ಮಗ ಮನೆಯಿಂದಲೇ ಕಂಪ್ಯೂಟರ್ ಕೆಲಸ ಮಾಡುತ್ತಾನೆ. ಮೂವರಿಗೂ ಬಾಲ್ಕನಿಯ ತುಳಸಿ ಕುಂಡದಾಚೆಗಿನ ಅನುಭವವಿರಲಿಲ್ಲ. ಹೂಮಳೆ ಬಿದ್ದು ಸುತ್ತಲ ಕಾಫಿ ತೋಟಗಳು ಬೆಳ್ಳಗೆ ಅರಳಿದಾಗ ಇವರಿಗೂ ಉಮೇದು ಬಂತು. ಟೊಮೆಟೊ, ಬದನೆ, ದಪ್ಪ ಮೆಣಸಿನಕಾಯಿ, ಹೂಕೋಸು, ಕೊತ್ತಂಬರಿ ಎಲ್ಲವೂ ಒಂದೇ ವಾರದಲ್ಲಿ ಮಣ್ಣಿಗೆ ಬಿದ್ದವು. ಬೇಲಿಯಾಚೆಯ, ಅರೆಭಾಷೆ ಎಂಬ ಅಲ್ಲಿನ ನುಡಿಯಾಡುವ ಅಜ್ಜಿ ನೋಡಿ ನಕ್ಕು, "ಈಗ ಟೊಮೆಟೊ ಹಾಕಿದರೆ ಮಳೆಗಾಲದಲ್ಲಿ ಅದಕ್ಕೆ ಕೊಡೆ ಹಿಡಿಯುವವರು ಯಾರು ಮಗಳೇ?" ಎಂದರಂತೆ.

ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಮೂವತ್ತು ಕಿಲೋಮೀಟರ್ ಪೂರ್ವಕ್ಕೆ ಇಳಿದರೆ ಕುಶಾಲನಗರದಲ್ಲಿ ಅದರ ಅರ್ಧವೂ ಬೀಳುವುದಿಲ್ಲ. ಒಂದೇ ಜಿಲ್ಲೆಯೊಳಗೆ ಎರಡು ಪಂಚಾಂಗ ಬೇಕಾಗುವಷ್ಟು ವ್ಯತ್ಯಾಸ. ಭಾವ ನೋಡಿ ಕಲಿತ ವಿಡಿಯೊಗಳೆಲ್ಲ ಬಯಲುಸೀಮೆಯವು.

ಆರಿದ್ರಾ ಮಳೆ ಹಿಡಿದ ಮೇಲೆ ವಾರಗಟ್ಟಲೆ ಬಿಸಿಲಿಲ್ಲ. ಟೊಮೆಟೊ ಎಲೆಗಳ ಮೇಲೆ ಕಪ್ಪು ಮಚ್ಚೆ, ಅಡಿಯಲ್ಲಿ ಬಿಳಿ ಬೂಷ್ಟು: ಕೊನೆಯ ಅಂಗಮಾರಿ (ಲೇಟ್ ಬ್ಲೈಟ್) ರೋಗ. ಬದನೆ ಗಿಡಗಳು ಎಲೆ ಹಸಿರಾಗಿರುವಾಗಲೇ ಬಾಡಿ ಬಿದ್ದವು. ಮಗ ಕಾಂಡವನ್ನು ಓರೆಯಾಗಿ ಕತ್ತರಿಸಿ ಗಾಜಿನ ಲೋಟದ ತಿಳಿನೀರಿನಲ್ಲಿ ಇಳಿಬಿಟ್ಟು ನೋಡಿದ. ಹಾಲಿನಂಥ ಎಳೆ ಇಳಿಯಿತು. ದುಂಡಾಣು ಸೊರಗು ರೋಗದ ಗುರುತು ಅದು. ಈ ರೋಗಾಣು ಮಣ್ಣಿನಲ್ಲೇ ಉಳಿಯುತ್ತದೆ, ಹರಿಯುವ ನೀರಿನೊಂದಿಗೆ ಹರಡುತ್ತದೆ. ಹಾಗಾಗಿ ಸತ್ತ ಗಿಡವನ್ನು ಗೊಬ್ಬರದ ಗುಂಡಿಗೆ ಹಾಕಬಾರದು, ಅದೇ ಜಾಗದಲ್ಲಿ ಮತ್ತೆ ಟೊಮೆಟೊ, ಬದನೆ, ಮೆಣಸಿನಕಾಯಿ ನೆಡಬಾರದು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಟೊಮೆಟೊ ಈ ಸೊರಗು ರೋಗವನ್ನು, ಎಲೆ ಮುದುಡು ನಂಜನ್ನು, ಮುಂಚಿನ ಅಂಗಮಾರಿಯನ್ನು (ಅರ್ಲಿ ಬ್ಲೈಟ್) ತಾಳಿಕೊಳ್ಳುತ್ತದೆ. ಜಡಿಮಳೆಯಲ್ಲಿ ಬರುವ ಕೊನೆಯ ಅಂಗಮಾರಿ ಆ ಪಟ್ಟಿಯಲ್ಲಿಲ್ಲ.

ಇಷ್ಟೆಲ್ಲ ಸಾಯುತ್ತಿದ್ದಾಗ ಅದೇ ಹಿತ್ತಲಿನಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯದ ಗಿಡಗಳು ಸೊಕ್ಕಿದ್ದವು. ಬಚ್ಚಲ ನೀರು ಹರಿಯುವಲ್ಲಿ ಕೆಸು. ಬೇಲಿಯ ಮೇಲೆ ಸೀಮೆಬದನೆ ಬಳ್ಳಿ. ಹಕ್ಕಿಗಳು ಬಿತ್ತಿ ಹೋದ ಗಾಂಧಾರಿ ಮೆಣಸು. ರೋಹಿಣಿ ಮಳೆಗೆ ಮೊದಲೇ ಊರಿದ ಸೌತೆ ಬೀಜಗಳನ್ನು ಅಜ್ಜಿ ಕೊಟ್ಟಿದ್ದರು. ಚಪ್ಪರಕ್ಕೆ ಹತ್ತಿದ ಆ ಬಳ್ಳಿ ಮಳೆಯಲ್ಲೇ ಹೂಬಿಟ್ಟು ಆಗಸ್ಟ್‌ನಲ್ಲಿ ಕಾಯಿ ಕೊಟ್ಟಿತು. ಕೆಸುವಿನ ತುರಿಕೆಗೆ ಕೊಡಗಿನ ಕಪ್ಪು ಹುಳಿರಸ ಕಾಚಂಪುಳಿ ಮದ್ದು ಎಂದು ಅಕ್ಕ ಕಲಿತಳು. ಕೊಡವ ಪಂಚಾಂಗದ ಕಕ್ಕಡ ತಿಂಗಳ ಹದಿನೆಂಟರಂದು, ಅಂದರೆ ಆಗಸ್ಟ್ ಮೊದಲ ವಾರದಲ್ಲಿ, ಅಜ್ಜಿಯ ಬೇಲಿಯಿಂದ ತಂದ ಮದ್ದುಸೊಪ್ಪಿನ ರಸದಲ್ಲಿ ಪಾಯಸವಾಯಿತು. ಅದರ ಕಡುನೇರಳೆ ಬಣ್ಣವನ್ನು ಚಿತ್ರ ತೆಗೆದು ಕಳುಹಿಸಿದ ಅಕ್ಕನ ಮಗ, ಮರುದಿನ ಬೆಳಿಗ್ಗೆ ಮೂತ್ರ ಕೆಂಪಾಯಿತೆಂದು ಗಾಬರಿಯಾಗಿ ನನಗೇ ಫೋನ್ ಮಾಡಿದ. ಕೊಡಗಿನ ಮಕ್ಕಳಿಗೆ ಇದು ಪ್ರತಿ ವರ್ಷದ ತಮಾಷೆ.

ಶಂಖದ ಹುಳುವಿನ ಕಾಟವನ್ನೂ ಹೇಳಬೇಕು. ಆಫ್ರಿಕದಿಂದ ಬಂದ ಈ ದೈತ್ಯ ಬಸವನಹುಳು ಕಾಫಿ ಬೆಳೆಗಾರರನ್ನೂ ಕಾಡಿದೆ. ಒದ್ದೆ ಗೋಣಿಚೀಲದಡಿ ಎಲೆಕೋಸಿನ ಸಿಪ್ಪೆ ಇಟ್ಟರೆ ರಾತ್ರಿ ಅಲ್ಲಿ ಸೇರುತ್ತವೆ. ಕೈಗವಸು ಹಾಕಿ ಆರಿಸಿ, ಬಕೆಟ್ಟಿನ ಉಪ್ಪುನೀರಿಗೆ ಹಾಕಬೇಕು. ಮಣ್ಣಿಗೇ ಉಪ್ಪು ಸುರಿಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ಹುಳುವಿನ ಜೊತೆ ಗಿಡವೂ ಹೋಗುತ್ತದೆ.

ಮಳೆ ಬಿಟ್ಟ ಮೇಲೆ ನಿಜವಾದ ತರಕಾರಿ ಕಾಲ ಶುರುವಾಯಿತು. ಅಷ್ಟು ಮಳೆ ಮಣ್ಣಿನ ಸುಣ್ಣದಂಶವನ್ನು ತೊಳೆದು ಹುಳಿಯಾಗಿಸುವುದರಿಂದ ಪಾತಿಗೆ ಕೃಷಿ ಸುಣ್ಣ ಬೆರೆಸಿದರು. ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದಂಥ ಸಲಹೆಯ ತಾಣ ಜಿಲ್ಲೆಯಲ್ಲೇ ಇದ್ದರೂ ಭಾವ ಮೊದಲು ಕೇಳಿದ್ದು ಅಜ್ಜಿಯನ್ನೇ. ಹಾಲವಾಣದ ಸೊಪ್ಪು ಹೊದಿಸಿ, ಏರು ಮಡಿಗಳಲ್ಲಿ ಬೀನ್ಸ್, ಮೂಲಂಗಿ, ನವಿಲುಕೋಸು, ಬೇರೆ ಮೂಲೆಯಲ್ಲಿ ಟೊಮೆಟೊ. ಕೊಡಗಿನ ಸುಗ್ಗಿ ಹಬ್ಬ ಪುತ್ತರಿಯ ಹೊತ್ತಿಗೆ ಬೀನ್ಸ್ ಸಾಕೆನ್ನುವಷ್ಟು. ಜನವರಿಯಲ್ಲಿ ಟೊಮೆಟೊ ಹಂಚಿ ಉಳಿಯಿತು.

ನಮ್ಮ ಊರಿನಲ್ಲಿ ಮಳೆಯ ಜಾಗದಲ್ಲಿ ಹಿಮವಿದೆ. ಇಬ್ಬನಿ ಹೆಪ್ಪುಗಟ್ಟುವ ಕೊನೆಯ ರಾತ್ರಿ ಸಾಮಾನ್ಯವಾಗಿ ಯಾವಾಗ ಬರುತ್ತದೆಂದು ಅಕ್ಕಪಕ್ಕದ ಹಿರಿಯರಲ್ಲಿ, ಇಲ್ಲವೇ ಹತ್ತಿರದ ಸಸ್ಯೋದ್ಯಾನದವರಲ್ಲಿ ಕೇಳಿ, ಆಮೇಲೆ ಸಸಿ ಹೊರಗಿಡಿ. ಬೇಸಿಗೆ ರಜೆಯಿಂದ ಮರಳುವವರು ಸಾಸಿವೆ ಡಬ್ಬಿಯೊಳಗೆ ಹೀರೆ ಬೀಜ ಅಡಗಿಸಿ ತರುವುದನ್ನು ನಿಲ್ಲಿಸಿ. ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದ ಬೀಜವನ್ನು ವಿಮಾನ ನಿಲ್ದಾಣದಲ್ಲಿ ಕಿತ್ತುಕೊಳ್ಳುತ್ತಾರೆ, ದಂಡವನ್ನೂ ಹಾಕಬಹುದು. ಶಂಖದ ಹುಳು ಊರೂರು ಸುತ್ತಿದ್ದೂ ಮನುಷ್ಯರ ಸಾಮಾನಿನ ಜೊತೆಗೇ.

ಭಾವನವರು ಮಾತ್ರ ಸೋಲೊಪ್ಪಿಲ್ಲ. ಈ ಜೂನ್‌ನಲ್ಲಿ ಮಳೆಮರೆ ಕಟ್ಟಿ ಟೊಮೆಟೊ ಬೆಳೆದೇ ತೀರುವೆನೆಂದು ಒಂದು ಸುರುಳಿ ಪಾಲಿಥೀನ್ ಹಾಳೆ ತಂದಿಟ್ಟಿದ್ದಾರೆ. ಅಕ್ಕ ಅದರಲ್ಲಿ ಅರ್ಧವನ್ನು ಆಗಲೇ ಸೌದೆ ರಾಶಿಗೆ ಹೊದಿಸಿದ್ದಾಳೆ.