ಇವರು ಮತ್ತೆ ಬಸ್ ಹತ್ತಿದರು

ಮೊನ್ನೆ ಭಾನುವಾರ ಇವರು, ನಮ್ಮ ಯಜಮಾನರು, ಕೋಲು ಹಿಡಿದುಕೊಂಡು ಸರ್ವಿಸ್ ಬಸ್ ಹತ್ತಿದರು. ಉದ್ಯಾವರದಿಂದ ಕಾಪುವಿನವರೆಗೆ, ಅಷ್ಟೇ. ಕಂಡಕ್ಟರ್ ಹುಡುಗ ದುಡ್ಡು ಬೇಡ ಎಂದ. ಇವರು ಬಿಡಬೇಕಲ್ಲ! 'ಟಿಕೆಟ್' ಎಂದು ಕೈ ಚಾಚಿಕೊಂಡೇ ಕುಳಿತರು. 31 ವರ್ಷ ಉಡುಪಿ–ಮಂಗಳೂರು ರೂಟಿನಲ್ಲಿ ಟಿಕೆಟ್ ಹರಿದವರು ಪುಕ್ಕಟೆ ಹೋಗಲು ಒಪ್ಪುತ್ತಾರಾ? ಆ ಟಿಕೆಟ್ ಈಗ ನಮ್ಮ ದೇವರ ಕೋಣೆಯಲ್ಲಿದೆ.

ಹೋದ ವರ್ಷ ಇದೇ ಆಟಿ ತಿಂಗಳಲ್ಲಿ ಇವರಿಗೆ ಮಗ್ಗುಲು ಬದಲಿಸಲೂ ಆಗುತ್ತಿರಲಿಲ್ಲ. ಆ ಹೊತ್ತಿನಲ್ಲಿ ಜೊತೆಗೆ ನಿಂತವರಿಗೆ ಒಂದು ಮಾತು ಹೇಳುವುದು ಬಾಕಿ ಉಳಿದಿತ್ತು.

ಮೊದಲು ನಮ್ಮ ಸ್ಟ್ಯಾಂಡಿನ ರಿಕ್ಷಾದವರಿಗೆ. ಬೆಳಿಗ್ಗೆ ಹಲ್ಲುಜ್ಜುತ್ತಿದ್ದ ಹಾಗೆಯೇ ಇವರ ಕೈಯಿಂದ ಬ್ರಷ್ ಜಾರಿತು, ಬಾಯಿ ಒಂದು ಕಡೆ ವಾಲಿತು. ನಾನು ಬಿಸಿ ಕಾಫಿ ಕುಡಿಸಲು ಹೊರಟಿದ್ದೆ. 'ಟೀಚರೇ, ಬಾಯಿಗೆ ಏನೂ ಹಾಕಬೇಡಿ, ಇದು ಸ್ಟ್ರೋಕ್' ಎಂದು ನನಗೇ ಗದರಿ, ಸುರಿಯುವ ಮಳೆಯಲ್ಲಿ ಇವರನ್ನು ಎತ್ತಿಕೊಂಡು ಹೋದರು. ಹೆಪ್ಪು ಕರಗಿಸುವ ಇಂಜೆಕ್ಷನ್ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಂತೆ. ನಾವು ಒಂದೂವರೆ ಗಂಟೆಯಲ್ಲಿ ಆಸ್ಪತ್ರೆಯಲ್ಲಿದ್ದೆವು.

ಜೀವ ಉಳಿಯಿತು. ಆದರೆ 19 ದಿನದ ನಂತರ ಮನೆಗೆ ಕರೆತಂದಾಗ ಮೂಗಿನಲ್ಲಿ ಆಹಾರ ಕೊಡುವ ರೈಲ್ಸ್ ಟ್ಯೂಬ್, ಮಂಚದ ಬದಿಯಲ್ಲಿ ಮೂತ್ರದ ಚೀಲ. ಬಲಗೈ, ಬಲಗಾಲಿಗೆ ಶಕ್ತಿ ಇಲ್ಲ. ಮಾತಿಲ್ಲ. ಹೋಮ್ ನರ್ಸ್ ನಾಲ್ಕನೇ ದಿನ ಊರಿಗೆ ಹೋದವಳು ಬರಲೇ ಇಲ್ಲ. 78 ಕಿಲೋ ತೂಕದ ಇವರನ್ನು 62 ವರ್ಷದ ನಾನು ಎರಡೆರಡು ಗಂಟೆಗೆ ಹೊರಳಿಸಬೇಕು. ರಾತ್ರಿ ಅಲಾರಂ ಇಟ್ಟು ಏಳುತ್ತಿದ್ದೆ. ಒಂದೊಂದು ಸಲ ಅಲಾರಂ ಹೊಡೆದದ್ದೇ ಗೊತ್ತಾಗುತ್ತಿರಲಿಲ್ಲ.

ಒಂಬತ್ತನೇ ದಿನ ಸೊಂಟದ ಕೆಳಗೆ ಕೆಂಪಗೆ ಕಂಡಿತು. ಪಕ್ಕದ ಮನೆಯಲ್ಲಿ ರಿಟೈರ್ಡ್ ನರ್ಸ್ ಇದ್ದಾರೆ, ನಾವೆಲ್ಲ ಸಿಸ್ಟರ್ ಅಂತಲೇ ಕರೆಯುವುದು. ಅವರು ಬಂದು ಆ ಜಾಗವನ್ನು ಬೆರಳಿನಿಂದ ಒತ್ತಿ ಬಿಟ್ಟರು. ಬೆಳ್ಳಗಾಗಲಿಲ್ಲ, ಕೆಂಪು ಹಾಗೇ ಇತ್ತು. 'ಹುಣ್ಣು ಶುರುವಾಗಿದೆ ಟೀಚರೇ. ಇದು ನಿಮ್ಮೊಬ್ಬರ ಕೈಯಲ್ಲಿ ಆಗುವ ಕೆಲಸ ಅಲ್ಲ' ಎಂದರು. ನಾನು ಅತ್ತೆ. ಅವರು ಸುಮ್ನೆ ಕುಳಿತಿದ್ದರು. ಆಮೇಲೆ ಕಾಗದ ಪೆನ್ನು ಕೇಳಿದರು.

ನಮ್ಮ ಕಡೆ ನರ್ಸಿಂಗ್ ಹೋಮ್ ಅಂದರೆ ಹೆರಿಗೆ, ಅಪೆಂಡಿಕ್ಸ್ ಆಪರೇಷನ್ ಮಾಡುವ ಸಣ್ಣ ಆಸ್ಪತ್ರೆ. ನಮಗೆ ಬೇಕಿದ್ದದ್ದು ಅದಲ್ಲ, ವೃದ್ಧಾಶ್ರಮವೂ ಅಲ್ಲ, ಮಲಗಿದವರನ್ನು ಹಗಲು ರಾತ್ರಿ ನೋಡಿಕೊಂಡು ಚೇತರಿಸಿಕೊಳ್ಳಲು ನೆರವಾಗುವ ಜಾಗ. ಮಂಗಳೂರು–ಮಣಿಪಾಲದ ನಡುವೆ ಮೆಡಿಕಲ್ ಕಾಲೇಜುಗಳಿಗೆ ಬರವಿಲ್ಲ. ಡಿಸ್ಚಾರ್ಜ್ ಆದ ಮೇಲೆ ಎಲ್ಲಿಗೆ ಅನ್ನುವುದೇ ತಲೆಬಿಸಿ. ಸಿಸ್ಟರ್ ಹೇಳಿದ್ದು ಇಷ್ಟು: ಫೋನ್ ಮಾಡಿ ಹೋಗಬೇಡಿ. ರಾತ್ರಿ ಎಂಟರ ಮೇಲೆ ಹೋಗಿ. ಗೋಡೆಯ ಪೇಂಟ್ ನೋಡಬೇಡಿ, ಮಲಗಿದವರ ಉಗುರು, ಹಿಮ್ಮಡಿ ನೋಡಿ. ರಾತ್ರಿ ಎಷ್ಟು ರೋಗಿಗಳಿಗೆ ಎಷ್ಟು ಜನ ನೋಡಿಕೊಳ್ಳುವವರು ಅಂತ ಕೇಳಿ.

ನಾಲ್ಕು ಕಡೆ ಹೋದೆ. ಎರಡನೆಯದು ನನಗೆ ತುಂಬಾ ಹಿಡಿಸಿತ್ತು. ಹೊಳೆಯುವ ಟೈಲ್ಸ್, ಬಾಗಿಲಲ್ಲೇ ಮೀನಿನ ತೊಟ್ಟಿ, ನಗುಮುಖದ ಮ್ಯಾನೇಜರ್. ಸಿಸ್ಟರ್ ಮಾತು ಮೀರಿ ಅಲ್ಲಿಗೆ ಮಾತ್ರ ಹಗಲಲ್ಲೇ ಹೋಗಿದ್ದೆ. ಅಡ್ವಾನ್ಸ್ ಕೊಡಲು ಪರ್ಸ್ ತೆಗೆಯುವುದರಲ್ಲಿದ್ದೆ. ಕೈ ತೊಳೆಯಲು ಹಿಂದೆ ಹೋದಾಗ, ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬರು ತಲೆ ಎತ್ತದೆಯೇ ಹೇಳಿದರು: 'ಅಕ್ಕ, ರಾತ್ರೆಗ್ ಮುಲ್ಪ ಏರ್ಲಾ ಇಜ್ಜೆರ್.' ರಾತ್ರಿ ಇಲ್ಲಿ ಯಾರೂ ಇರುವುದಿಲ್ಲ. ಅಷ್ಟೇ ಹೇಳಿ ಮತ್ತೆ ಬಟ್ಟೆ ಕುಕ್ಕತೊಡಗಿದರು. ಅವರ ಹೆಸರು ನನಗೆ ಗೊತ್ತಿಲ್ಲ. ನನಗೆ ಹೇಳಿದ್ದು ಗೊತ್ತಾಗಿದ್ದರೆ ಅವರ ಕೆಲಸ ಹೋಗುತ್ತಿತ್ತು. ಅಮ್ಮಾ, ಈ ಬರಹ ಎಲ್ಲರಿಗಿಂತ ಹೆಚ್ಚು ನಿಮಗೆ.

ಕೊನೆಗೆ ಸಿಕ್ಕಿದ ಜಾಗದ ಹೆಸರು ಹಾಕಬೇಡಿ ಎಂದು ಅಲ್ಲಿಯವರೇ ಹೇಳಿದ್ದಾರೆ. ಹೆದ್ದಾರಿಯಿಂದ ಸ್ವಲ್ಪ ಒಳಗೆ, ಬಸ್ಸಿನ ಹಾರ್ನ್ ಕೇಳುವಷ್ಟು ದೂರ. ನಾನು ಹೋದಾಗ ರಾತ್ರಿ ಎಂಟೂಕಾಲು. ಗೇಟು ತೆರೆದದ್ದೇ ಒಳಗೆ ಬಿಟ್ಟರು. ಒಬ್ಬ ಹುಡುಗ ಅಜ್ಜನೊಬ್ಬರಿಗೆ ಟ್ಯೂಬಿನಲ್ಲಿ ಗಂಜಿ ತಿಳಿ ಕೊಡುತ್ತಿದ್ದ. ಮಂಚದ ತಲೆಕಡೆ ಎತ್ತರಿಸಿಟ್ಟಿತ್ತು. ಕೊಟ್ಟು ಮುಗಿದ ಮೇಲೂ ಇಳಿಸಲಿಲ್ಲ. ಯಾಕೆ ಎಂದೆ. 'ಅರ್ಧ ಗಂಟೆ ಹೀಗೇ ಇರ್ಬೇಕು, ಇಲ್ಲದಿದ್ದರೆ ಶ್ವಾಸಕ್ಕೆ ಹೋಗ್ತದೆ' ಎಂದ. ಮಂಚದ ಕಾಲಿಗೆ ಒಂದು ನೋಟ್‌ಬುಕ್ ನೇತು ಹಾಕಿತ್ತು. ಎಡ, ಬಲ, ಅಂಗಾತ ಎಂದು ಬರೆದು, ಪಕ್ಕದಲ್ಲಿ ಗಂಟೆ ಮತ್ತು ಸಹಿ. ಹಳೆ ಟೀಚರ್ ಅಲ್ವಾ, ಸಹಿ ಎಲ್ಲ ಒಂದೇ ಪೆನ್ನಿನಲ್ಲಿ ಒಟ್ಟಿಗೆ ಹಾಕಿದ್ದಾರಾ ಅಂತ ನೋಡಿದೆ. ಇಲ್ಲ, ಮೂರು ಕೈಬರಹ ಇತ್ತು. ಅಲ್ಲಿಗೆ ನನ್ನ ತೀರ್ಮಾನ ಆಯಿತು.

ದುಡ್ಡಿನ ವಿಷಯವನ್ನೂ ಅವರು ಮೊದಲೇ ಬಿಡಿಸಿ ಹೇಳಿದರು. ಡೈಪರ್ ಬೇರೆ, ಫಿಸಿಯೋಥೆರಪಿ ಬೇರೆ. ನಮ್ಮ ಮೆಡಿಕ್ಲೈಮ್ ಆಸ್ಪತ್ರೆಯ ಬಿಲ್ಲಿಗೆ ಸಿಕ್ಕಿತು, ಇಲ್ಲಿಗೆ ಸಿಗಲಿಲ್ಲ. ರಿಹ್ಯಾಬಿಲಿಟೇಷನ್ ಖರ್ಚು ಕೊಡುವುದಿಲ್ಲ ಎಂದು ಪಾಲಿಸಿಯಲ್ಲಿ ಬರೆದೇ ಇತ್ತು, ನಾವು ಓದಿರಲಿಲ್ಲ. ಐದು ತಿಂಗಳು ದುಬೈಯಿಂದ ಮಗ ಖರ್ಚು ಸುಧಾರಿಸಿದ.

'ಗಂಡನನ್ನು ಆಶ್ರಮಕ್ಕೆ ಹಾಕಿದಳು' ಎಂದವರೂ ಇದ್ದಾರೆ. ಅವರಿಗೆ ಥ್ಯಾಂಕ್ಸ್ ಇಲ್ಲ, ಬೇಜಾರು ಮಾಡಬೇಡಿ. ಇವರ ಅಕ್ಕ ಮಾತ್ರ ಅವರೆದುರೇ, 'ಇವಳೂ ಮಲಗಿದರೆ ಇಬ್ಬರನ್ನು ನೋಡುವುದು ಯಾರು, ನೀವಾ?' ಎಂದು ಕೇಳಿದರು. ಆಮೇಲೆ ಯಾರೂ ಮಾತೆತ್ತಲಿಲ್ಲ.

ಮಾತು ಮರಳಿದ್ದನ್ನು ಹೇಳದಿದ್ದರೆ ಹೇಗೆ? ಸ್ಪೀಚ್ ಥೆರಪಿಯ ಮೇಡಂ ವಾರಗಟ್ಟಲೆ ಒಂದು, ಎರಡು ಹೇಳಿಸಲು ನೋಡಿದರು. ಆಗಲಿಲ್ಲ. ಬಾಯಿಪಾಠ ಆದದ್ದು ಕೆಲವರಲ್ಲಿ ಉಳಿದಿರುತ್ತದೆ, ಅದನ್ನು ಹುಡುಕಬೇಕು ಎನ್ನುತ್ತಿದ್ದರು. ದಸರಾ ಕಳೆದ ಮೇಲೆ ಒಂದು ದಿನ ಅಲ್ಲಿಯ ಮೂಲ್ಕಿಯ ಹುಡುಗ, ಟ್ಯೂಬಿನಲ್ಲಿ ಗಂಜಿ ಕೊಡುತ್ತಿದ್ದನಲ್ಲ, ಅವನೇ, ಇವರ ಮುಖ ಒರೆಸುತ್ತಾ ಸುಮ್ನೆ ತಮಾಷೆಗೆ 'ಉಡುಪಿ, ಉದ್ಯಾವರ...' ಎಂದ. ಕಾಲೇಜಿಗೆ ಇವರ ಬಸ್ಸಿನಲ್ಲೇ ಹೋಗುತ್ತಿದ್ದನಂತೆ. ಇವರು ಅವನನ್ನೇ ನೋಡಿದರು. ತುಟಿ ಅದುರಿತು. 'ಕಟಪಾಡಿ' ಎಂದರು. ಆಮೇಲೆ ತಡೆದು ತಡೆದು, ಪಾಂಗಾಳ, ಕಾಪು, ಉಚ್ಚಿಲ, ಪಡುಬಿದ್ರಿ. ಹೆಜಮಾಡಿಯಲ್ಲಿ ನಿಂತರು. ಹುಡುಗ ಕಂಡಕ್ಟರ್ ಹಾಗೆ 'ರೈಟ್ ಪೋಯಿ', ಹೋಗೋಣ, ಎಂದ. 'ಮೂಲ್ಕಿ' ಎಂದರು. ಮಂಗಳೂರಿನ ಕೊನೆಯ ಸ್ಟಾಪ್ ಸ್ಟೇಟ್ ಬ್ಯಾಂಕ್ ಮುಟ್ಟುವಷ್ಟರಲ್ಲಿ ಮೇಡಂ ಕೂಡ ಕಣ್ಣು ಒರೆಸಿಕೊಳ್ಳುತ್ತಿದ್ದರು.

ಇವರ ಮಾತು ಇನ್ನೂ ಪೂರ್ತಿ ಬಂದಿಲ್ಲ. ನನ್ನನ್ನು ಕರೆಯಲು ಹೋಗಿ ಒಮ್ಮೊಮ್ಮೆ ಸುರತ್ಕಲ್ ಎನ್ನುತ್ತಾರೆ. ನಾನು ಓಗೊಡುತ್ತೇನೆ.

ಏರ್ ಬೆಡ್ ಮತ್ತು ವೀಲ್‌ಚೇರ್ ಈಗ ನಮ್ಮಲ್ಲಿ ಸುಮ್ನೆ ಇವೆ. ಸುತ್ತಮುತ್ತ ಯಾರಿಗಾದರೂ ಬೇಕಿದ್ದರೆ ಬಂದು ಒಯ್ಯಿರಿ, ಬಾಡಿಗೆ ಬೇಡ. ಏರ್ ಬೆಡ್ಡಿನ ಪಂಪ್ ರಾತ್ರಿ ಸ್ವಲ್ಪ ಸದ್ದು ಮಾಡುತ್ತದೆ, ಕೆಳಗೆ ಹಳೆ ಚಾದರ ಮಡಚಿ ಇಟ್ಟರೆ ಸಾಕು.