ಒಣದ್ರಾಕ್ಷಿಯ ಪಾಲಿಫಿನಾಲ್ ಅಂಕಿ: ಪರೀಕ್ಷಾ ವಿಧಾನವನ್ನೂ ತಿಳಿಸಲಿ

ಮಾನ್ಯ ಸಂಪಾದಕರೇ,

ಒಣದ್ರಾಕ್ಷಿಯ ಪೊಟ್ಟಣಗಳ ಮೇಲೆ ‘ಒಟ್ಟು ಪಾಲಿಫಿನಾಲ್ ಇಷ್ಟು ಮಿಲಿಗ್ರಾಂ’ ಎಂದು ಮುದ್ರಿಸುವ ರೂಢಿ ಈಚೆಗೆ ಕಾಣುತ್ತಿದೆ. ಪಾಲಿಫಿನಾಲ್ ಎಂದರೆ ಸಸ್ಯಗಳಲ್ಲಿರುವ, ಆಕ್ಸಿಡೀಕರಣವನ್ನು ತಡೆಯುವ (ಆ್ಯಂಟಿಆಕ್ಸಿಡೆಂಟ್) ಗುಣದ ಸಂಯುಕ್ತಗಳು. ಆ ಅಂಕಿ ಯಾವ ಪರೀಕ್ಷೆಯಿಂದ ಬಂತೆಂಬುದು ನಾನು ನೋಡಿದ ಪೊಟ್ಟಣಗಳಲ್ಲಿ ಇರಲಿಲ್ಲ. ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರ ಭಾಗದ ದ್ರಾಕ್ಷಿ ಬೆಳೆಗಾರರ ಹೆಸರು ಈ ಮಾಲಿನ ಮೇಲೆ ನಿಂತಿರುವುದರಿಂದ ಇದನ್ನು ಹಗುರವಾಗಿ ಬಿಡುವಂತಿಲ್ಲ.

ಇಂಥ ಅಂಕಿಗಳು ಬಹುಮಟ್ಟಿಗೆ ಫೋಲಿನ್–ಸಿಯೊಕಾಲ್ಟೊ ಪರೀಕ್ಷೆಯವು. ಪ್ರೋಟೀನುಗಳಲ್ಲಿನ ಟೈರೊಸಿನ್, ಟ್ರಿಪ್ಟೊಫಾನ್ ಅಳೆಯಲೆಂದು 1927ರಲ್ಲಿ ರೂಪಿಸಿದ ಆ ದ್ರಾವಣವನ್ನು ಸಿಂಗಲ್‌ಟನ್ ಮತ್ತು ರೊಸ್ಸಿ ಅವರು 1965ರಲ್ಲಿ ವೈನಿನ ಫಿನಾಲುಗಳಿಗೆ ಹೊಂದಿಸಿದರು. ಹಳದಿ ದ್ರಾವಣ ಎಷ್ಟು ನೀಲಿಯಾಯಿತೋ ಅಷ್ಟು ಪಾಲಿಫಿನಾಲ್ ಎಂದು ಲೆಕ್ಕ ಹಿಡಿಯುತ್ತಾರೆ. ಆದರೆ ವಿಟಮಿನ್ ಸಿ, ಕೆಲವು ಸಕ್ಕರೆಗಳು ಮತ್ತು ಸಲ್ಫರ್ ಡೈಆಕ್ಸೈಡ್ ಕೂಡ ಅದನ್ನು ನೀಲಿಯಾಗಿಸುತ್ತವೆ. ಒಣದ್ರಾಕ್ಷಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸಕ್ಕರೆಯೇ ಇದೆ. ಹೊಂಬಣ್ಣ ಉಳಿಯಲೆಂದು ಶೆಡ್ಡಿನಲ್ಲಿ ಗಂಧಕದ ಹೊಗೆ ಕೊಟ್ಟ ಮಾಲಿನಲ್ಲಿ ಸಲ್ಫರ್ ಡೈಆಕ್ಸೈಡಿನ ಶೇಷವೂ ಇರುತ್ತದೆ. ಹಾಗೆಂದು ಹೊಗೆ ಕೊಟ್ಟ ಮಾಲಿನ ಅಂಕಿಯೆಲ್ಲ ಸುಳ್ಳೆನ್ನುವುದೂ ತಪ್ಪು, ಏಕೆಂದರೆ ಆ ಹೊಗೆಯು ಹಣ್ಣನ್ನು ಕಂದಾಗಿಸುವ ಕಿಣ್ವವನ್ನು ತಡೆದು ಕಾಫ್ಟಾರಿಕ್ ಆಮ್ಲದಂಥ ಪಾಲಿಫಿನಾಲುಗಳನ್ನು ನಿಜವಾಗಿಯೂ ಉಳಿಸುತ್ತದೆ. ಹೀಗೆ ಉಳಿದದ್ದೆಷ್ಟು, ಗಂಧಕದಿಂದಲೇ ಬಂದ ನೀಲಿ ಎಷ್ಟು ಎಂಬುದನ್ನು ಬೇರ್ಪಡಿಸುವ ಶಕ್ತಿ ಈ ಪರೀಕ್ಷೆಗಿಲ್ಲ. ಅದಕ್ಕೆ ಒಂದೊಂದು ಸಂಯುಕ್ತವನ್ನೂ ಪ್ರತ್ಯೇಕಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರವೇ ಬೇಕು.

ಜೋಳದ ವಿಷಯದಲ್ಲಿ ತೊಡಕು ಇದಕ್ಕೆ ತಿರುಗುಮುರುಗು. ಅದರಲ್ಲಿನ ಫೆರುಲಿಕ್ ಆಮ್ಲವೆಂಬ ಫಿನಾಲಿನ ಹೆಚ್ಚಿನ ಪಾಲು ಕೋಶಭಿತ್ತಿಗೆ ಅಂಟಿಕೊಂಡಿರುವುದರಿಂದ, ಕ್ಷಾರದಲ್ಲಿ ಸಂಸ್ಕರಿಸದೆ ಬರೀ ಮದ್ಯಸಾರದಿಂದ ಸಾರ ತೆಗೆದರೆ ನಮ್ಮ ರೊಟ್ಟಿಯ ಧಾನ್ಯಕ್ಕೆ ಸಲ್ಲಬೇಕಾದ ಅಂಕಿ ಸಿಗುವುದಿಲ್ಲ.

ಅಮೆರಿಕದ ಕೃಷಿ ಇಲಾಖೆಯು ಆಹಾರಗಳ ಆ್ಯಂಟಿಆಕ್ಸಿಡೆಂಟ್ ಸಾಮರ್ಥ್ಯದ ತನ್ನ ಪಟ್ಟಿಯನ್ನು, ಕಂಪನಿಗಳು ಅದನ್ನು ಪ್ರಚಾರಕ್ಕೆ ದುರ್ಬಳಕೆ ಮಾಡುತ್ತಿವೆಯೆಂದು 2012ರಲ್ಲಿ ಜಾಲತಾಣದಿಂದಲೇ ತೆಗೆಯಿತು. ನಮ್ಮಲ್ಲಿ ಅಷ್ಟು ದೂರ ಹೋಗಬೇಕಿಲ್ಲ. ಪರೀಕ್ಷಾ ವರದಿಯಲ್ಲಿ ವಿಧಾನದ ಹೆಸರು, ಸಾರ ತೆಗೆದ ಬಗೆ, ಗಂಧಕದ ಹೊಗೆ ಕೊಟ್ಟಿದ್ದರೆ ಆ ವಿವರ ಮತ್ತು ಅಂಕಿ ಒಣದ್ರಾಕ್ಷಿಯ ತೂಕಕ್ಕೋ ಹಸಿ ಹಣ್ಣಿನ ತೂಕಕ್ಕೋ ಎಂಬುದು ಇರಲೇಬೇಕು. ಸುಮಾರು ನಾಲ್ಕು ಕಿಲೊ ಹಣ್ಣು ಒಂದು ಕಿಲೊ ಒಣದ್ರಾಕ್ಷಿಯಾಗುವುದರಿಂದ ಈ ಕೊನೆಯ ವಿವರವೊಂದೇ ಅಂಕಿಯನ್ನು ನಾಲ್ಕು ಪಟ್ಟು ಬದಲಿಸಬಲ್ಲದು. ಬಾಗಲಕೋಟೆಯ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯವು ಬೆಳೆಗಾರರ ಗುಂಪುಗಳು ತರುವ ಮಾದರಿಗಳಿಗೆ ಕೈಗೆಟುಕುವ ಶುಲ್ಕದಲ್ಲಿ ಎಚ್‌ಪಿಎಲ್‌ಸಿ ವಿಶ್ಲೇಷಣೆ ಮಾಡಿಕೊಡಬೇಕೆಂದು, ಅದರ ವೆಚ್ಚದ ಒಂದು ಪಾಲನ್ನು ತೋಟಗಾರಿಕೆ ಇಲಾಖೆ ಭರಿಸಬೇಕೆಂದು ನಿಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

– ರಸಾಯನಶಾಸ್ತ್ರ ಉಪನ್ಯಾಸಕ, ವಿಜಯಪುರ